ವಿವಿವಿವಿವಿವಿನಾ ಸೆಲೆಸ್ಟಾ? ಶಿರಸಿ ಮಳೇಲಿ ಎರಡನ್ನೂ ಆಡಿ ನೋಡಿದ್ದು

ಈ ಎರಡೂ ಕಂಪ್ಯೂಟರ್ ಆಟದಲ್ಲಿ ಮುಳ್ಳು ತಾಗಿದ್ರೆ ಸತ್ತೋಗ್ತೀವಿ, ಸತ್ತ ಕೂಡ್ಲೆ ಅಲ್ಲೇ ಹತ್ರ ಎದ್ದು ನಿಲ್ತೀವಿ, ಇನ್ನೆಷ್ಟು ಲೈಫ್ ಉಳೀತು ಅನ್ನೋ ತಲೆಬಿಸಿ ಎರಡರಲ್ಲೂ ಇಲ್ಲ. ಸಾಮ್ಯ ಅಲ್ಲಿಗೆ ಮುಗೀತು. ಮಳೆ ಜಡಿ ಹಿಡಿದು ತೋಟಕ್ಕೆ ಹೋದ್ರೆ ಉಂಬಳ (ಜಿಗಣೆ), ಮನೇಲಿ ಕೂತ್ರೆ ಕರೆಂಟಿಲ್ಲ, ಅಂಥ ಮೂರು ತಿಂಗಳಲ್ಲಿ ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪಲ್ಲಿ ಎರಡನ್ನೂ ಆಡಿದೀನಿ, ಹಾಗಾಗಿ ಹೇಳೋ ಹಕ್ಕು ಸ್ವಲ್ಪ ಇದೆ ಅನ್ಕೋತೀನಿ.

ವಿವಿವಿವಿವಿವಿ (ಆರು ವಿ, ಎಣಿಸಿ ನೋಡಿ) ಟೆರ್ರಿ ಕ್ಯಾವನಾ 2010ರಲ್ಲಿ ತಂದ ಆಟ. ನೋಡೋಕೆ ಎಂಬತ್ತರ ದಶಕದ ಕಂಪ್ಯೂಟರ್ ಕಮೊಡೋರ್ 64 ಕಾಲದ್ದು ಅನ್ಸತ್ತೆ, ಬೇಕಂತಲೇ ಹಾಗೆ ಮಾಡಿದ್ದು. ಪ್ಲಾಟ್‌ಫಾರ್ಮರ್ (ಹಾರಿ ಹಾರಿ ದಾಟೋ ಆಟ) ಅಂತ ಹೆಸರು, ಆದ್ರೆ ಹಾರೋಕೇ ಬರಲ್ಲ! ಬಟನ್ ಒತ್ತಿದ್ರೆ ಗುರುತ್ವಾಕರ್ಷಣೆ ತಲೆಕೆಳಗಾಗಿ ಸೀದಾ ಹೋಗಿ ಸೂರಿಗೆ ಅಂಟ್ಕೋತೀವಿ, ಮತ್ತೆ ಒತ್ತಿದ್ರೆ ನೆಲಕ್ಕೆ. ನಡುವೆ ಗಾಳೀಲಿ ಮನಸ್ಸು ಬದಲಾಯ್ಸೋಕಾಗಲ್ಲ, ಎಡಕ್ಕೋ ಬಲಕ್ಕೋ ಸರೀಬಹುದು ಅಷ್ಟೇ. ಇಷ್ಟೇ ಇಷ್ಟು ಸಾಮಾನಲ್ಲಿ ಈ ಮನುಷ್ಯ ಎಂತೆಂಥ ಅಡುಗೆ ಮಾಡಿದ್ದಾನೆ ಅಂದ್ರೆ, ಒಂದು ಕಡೆ ಹೊಳೆಯೋ ಟ್ರಿಂಕೆಟ್ (ಹೆಕ್ಕೋ ಪುಟ್ಟ ಸಾಮಾನು) ಕಣ್ಣೆದುರೇ ಇದೆ, ನಡುವೆ ಒಂದು ಗಿಡ್ಡ ಕಲ್ಲು, ಮೊಣಕಾಲೆತ್ತರ ಅಷ್ಟೇ. ಬೇರೆ ಯಾವ ಆಟದಲ್ಲಾದ್ರೂ ಟಪ್ ಅಂತ ಹಾರಿ ದಾಟೋದು. ಇಲ್ಲಿ ಹಾರೋಕೆ ಬರಲ್ವಲ್ಲ, ಅದಕ್ಕೇ ಗುರುತ್ವ ತಿರುಗಿಸಿ, ಎರಡೂ ಪಕ್ಕ ಮುಳ್ಳಿರೋ ಓಣೀಲಿ ಸ್ಕ್ರೀನ್ ಮೇಲೆ ಸ್ಕ್ರೀನ್ ದಾಟಿ ಮೇಲೆ ಹೋಗಿ, ತುದಿ ಮುಟ್ಟಿ, ಮತ್ತೆ ಅದೇ ದಾರೀಲಿ ಬಿದ್ದು ಕಲ್ಲಿನ ಆಚೆ ಬದಿ ಇಳೀಬೇಕು. ಅಲ್ಲಿ ಕೂತು ಕೂತು ರಾತ್ರಿ ಒಂಬತ್ತೂವರೆ ಆದಾಗ ಆಯಿ ಒಳಗಿಂದ ಕೇಳಿದ್ಲು, "ಅಪ್ಪಿ, ಅದೇ ಜಾಗದಲ್ಲಿ ಎಷ್ಟು ಸರ್ತಿ ಸಾಯ್ತ್ಯೋ? ಉಂಬಲೆ ಬಾ." ಸಿಟ್ಟು ಬರ್ಬೇಕಿತ್ತು, ನಗು ಬಂತು. ಇಡೀ ಆಟದ ಜೋಕೇ ಆ ಕಲ್ಲು. ಸುಮಾರು ಕೋಣೆಗಳಿಗೆ ಒಂದೊಂದು ಕುಚೋದ್ಯದ ಹೆಸರು ಬೇರೆ ಇಟ್ಟಿದ್ದಾರೆ.

ಕೊರತೆ? ನಡಿಗೆ ಒಂಚೂರು ಜಾರತ್ತೆ, ಪಾಚಿ ಕಟ್ಟಿದ ಅಂಗಳದ ಹಾಗೆ, ನಿಲ್ಲೋ ಕಡೆ ನಿಲ್ಲಲ್ಲ. ಶುರುವಿನ ಭಾಗ ಮುಗಿದ್ಮೇಲೆ ಇಡೀ ಮ್ಯಾಪಲ್ಲಿ ಎಲ್ಲಿ ಬೇಕಾದ್ರೂ ಹೋಗು ಅಂತ ಬಿಟ್ಟುಬಿಡತ್ತೆ, ಕಳೆದುಹೋದ ಸಂಗಡಿಗರನ್ನ ಎಲ್ಲಿ ಹುಡುಕ್ಬೇಕು ಅಂತ ಯಾರೂ ಹೇಳಲ್ಲ, ನಾನು ಒಂದಿಡೀ ಸಂಜೆ ಸುಮ್ನೆ ತಿರುಗಿದೀನಿ. ಇನ್ನೊಂದು, ನಮ್ಮೂರ ಕಡೆಯೋರು ಗಮನಿಸ್ಬೇಕಾದ್ದು: ದಾರೀಲಿ ಸಿಗೋ ಚೆಕ್‌ಪಾಯಿಂಟು (ಸತ್ರೆ ಮತ್ತೆ ಎದ್ದು ನಿಲ್ಲೋ ಜಾಗ) ಆಟ ಓಡ್ತಿರೋ ತನಕ ಮಾತ್ರ, ನಿಜವಾಗಿ ಸೇವ್ ಆಗೋದು ಟೆಲಿಪೋರ್ಟರ್ (ಬೇರೆ ಜಾಗಕ್ಕೆ ಸಾಗಿಸೋ ಯಂತ್ರ) ಮುಟ್ಟಿದಾಗ, ಇಲ್ಲಾಂದ್ರೆ ಎಂಟರ್ ಒತ್ತಿ ಮೆನುಗೆ ಹೋಗಿ ನಾವೇ ಸೇವ್ ಮಾಡ್ಬೇಕು. ಕರೆಂಟ್ ಹೋಗಿ ಎರಡು ಟ್ರಿಂಕೆಟ್ ಕಳ್ಕೊಂಡ್ಮೇಲೆ ಕಲಿತದ್ದು ಇದು.

ಸೆಲೆಸ್ಟ್ 2018ರದ್ದು, ಮ್ಯಾಡಿ ಥೋರ್ಸನ್ ಮತ್ತೆ ನೋಯೆಲ್ ಬೆರ್ರಿ ಜೊತೆಗಾರರು ಸೇರಿ ಮಾಡಿದ್ದು, ಮ್ಯಾಡೆಲಿನ್ ಅನ್ನೋ ಹುಡುಗಿ ಬೆಟ್ಟ ಹತ್ತೋ ಕಥೆ. ಹಾರೋದು, ಗೋಡೆ ಹಿಡ್ಕೊಂಡು ಹತ್ತೋದು, ಗಾಳೀಲಿ ಒಂದ್ಸಲ ಎಂಟು ದಿಕ್ಕಲ್ಲಿ ಯಾವ ಕಡೆಗಾದ್ರೂ ಡ್ಯಾಶ್ ಹೊಡೆಯೋದು, ಅಂದ್ರೆ ರೊಯ್ಯನೆ ನುಗ್ಗೋದು. ಗೋಡೆ ಹಿಡಿದು ನೇತಾಡಿದ್ರೆ ಕೈ ಸೋಲತ್ತೆ, ಮೈ ಕೆಂಪಾಗಿ ಮಿನುಗೋಕೆ ಶುರುವಾಗತ್ತೆ, ಆಮೇಲೆ ಜಾರೋದೇ. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯೋಕೆ ಬರೋ ಕೊನೆಗೌಡ ಒಂದು ಅಡಿಕೆ ಮರ ಬಗ್ಗಿಸಿ ಪಕ್ಕದ ಮರ ಹಿಡ್ಕೊಂಡು, ನೆಲಕ್ಕಿಳೀದೇ ಸಾಲು ಮುಗಿಸೋದನ್ನ ನೋಡಿದೋರಿಗೆ ಈ ಆಟ ಹೊಸದೇನಲ್ಲ, ವ್ಯತ್ಯಾಸ ಏನಂದ್ರೆ ಅವನಿಗೆ ಚೆಕ್‌ಪಾಯಿಂಟ್ ಇಲ್ಲ.

ಸೆಲೆಸ್ಟ್ ಗೆಲ್ಲೋದು ಎಲ್ಲಿ ಅಂದ್ರೆ ಕಣ್ಣಿಗೆ ಕಾಣದ ಜಾಗದಲ್ಲಿ. ಅಂಚು ದಾಟಿ ಕಾಲು ಗಾಳಿಗೆ ಹೋದ್ಮೇಲೂ ಒಂದು ಚಿಟಿಕೆ ಹೊತ್ತು ಜಂಪ್ ಒಪ್ಕೊಳತ್ತೆ. ಮೂಲೆಗೆ ತಲೆ ಸ್ವಲ್ಪ ತಾಗಿದ್ರೆ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಡತ್ತೆ. ಆಡೋವಾಗ ನಮಗೆ ಇದ್ಯಾವ್ದೂ ಗೊತ್ತಾಗಲ್ಲ, ನಾನು ಹುಷಾರಾದೆ ಅನ್ಸತ್ತೆ ಅಷ್ಟೇ. ಆರು ವೀಲಿ ಇಷ್ಟು ಸಡಿಲ ನಂಗೆ ಕಾಣ್ಲಿಲ್ಲ.

ಆದ್ರೆ ಕೀಬೋರ್ಡಲ್ಲಿ ಸೆಲೆಸ್ಟ್ ಪ್ರಾಣ ತೆಗೆಯತ್ತೆ. ಝಡ್ (ಗೋಡೆ ಹಿಡಿಯೋ ಕೀ) ಹಿಡ್ಕೊಂಡು ಸಿ (ಹಾರೋ ಕೀ) ಒತ್ತಿ ಮೇಲಿನ ಬಾಣ ಪಕ್ಕದ ಬಾಣ ಒಟ್ಟಿಗೆ ಒತ್ತು ಅಂದ್ರೆ ನನ್ನ ಲ್ಯಾಪ್‌ಟಾಪ್ ಮೂರು ಕೀಗೇ ಸುಸ್ತು, ನಾಲ್ಕನೇದು ಕೇಳೋದೇ ಇಲ್ಲ, ಎಷ್ಟು ಸಾವು ನಂದು ಎಷ್ಟು ಕೀಬೋರ್ಡಿಂದು ದೇವರಿಗೇ ಗೊತ್ತು. ಮೂರನೇ ಚಾಪ್ಟರಿನ ಹೋಟೆಲ್ ಎಳೆದೂ ಎಳೆದೂ ಬೇಜಾರು ಬರ್ಸತ್ತೆ. ಮಾತೂ ಜಾಸ್ತಿ, ಅದು ಕೆಲವರಿಗೆ ಇಷ್ಟ ಆಗತ್ತೆ, ಗೊಂಡೋಲದಲ್ಲಿ (ಹಗ್ಗದ ದಾರೀಲಿ ಹೋಗೋ ತೊಟ್ಟಿಲು) ಮ್ಯಾಡೆಲಿನ್‌ಗೆ ಉಸಿರು ಕಟ್ಟಿದಾಗ ಗರಿ ತೇಲಿಸೋ ಜಾಗ ನಂಗೂ ಇಷ್ಟವೇ. ಸಂಗೀತದಲ್ಲಿ ಮಾತ್ರ ನನ್ನ ಓಟು ಆರು ವೀಗೆ, ಸೆಲೆಸ್ಟಿಗೆ ಸಂಗೀತ ಮಾಡಿದ ಲೆನಾ ರೇನ್ ಪಿಯಾನೊ ಎಷ್ಟೇ ಚಂದ ಇದ್ರೂ.

ಅಕ್ಕನ ಮಗಳು ರಜಕ್ಕೆ ಬಂದಾಗ ಬಟನ್ ಕಡಿಮೆ ಇದೆ, ಸುಲಭ ಆಗ್ಬಹುದು ಅಂತ ಮೊದಲು ಆರು ವೀನೇ ಕೊಟ್ಟೆ. ಅದರಲ್ಲೂ ಸಾಯದ ಹಾಗೆ ಮಾಡೋ ಆಯ್ಕೆ ಇದೆ, ವೇಗ ಕಡಿಮೆ ಮಾಡೋದೂ ಇದೆ, ಹಾಕ್ಕೊಟ್ಟೆ. ಹತ್ತು ನಿಮಿಷಕ್ಕೆ "ಮಾವಾ, ಈಗ ಎಲ್ಲಿಗೆ ಹೋಪದು?" ಅಂದ್ಲು. ದಾರಿ ತಪ್ಪಿದ್ದಕ್ಕೆ ಸಾಯದೇ ಇರೋದು ಮದ್ದಲ್ವಲ್ಲ. ಸೆಲೆಸ್ಟಲ್ಲಿ ಆಟ ಸುಲಭ ಮಾಡೋ ಅಸಿಸ್ಟ್ ಮೋಡ್ ಹಾಕಿ ವೇಗ ಶೇಕಡಾ 70ಕ್ಕೆ ಇಳಿಸಿ ಕೊಟ್ಟೆ, ಕಷ್ಟದ ಜಾಗದಲ್ಲಿ ಮಾತ್ರ ಡ್ಯಾಶ್ ಲೆಕ್ಕ ಇಲ್ಲದ ಹಾಗೆ ಮಾಡಿದೆ, ಎರಡು ಚಾಪ್ಟರ್ ದಾಟಿದ್ಲು. ಸ್ಟ್ರಾಬೆರಿ ಹೆಕ್ಕಿದ್ರೆ ಏನೂ ಸಿಗಲ್ಲ ಅಂದ್ರೂ ಕೇಳದೇ ಒಂದನ್ನೂ ಬಿಡದೇ ಹೆಕ್ಕಿದ್ಲು.

ಒಂದೇ ತಗೋತೀನಿ ಅನ್ನೋರು ಕಂಟ್ರೋಲರ್ ಇದ್ರೆ ಸೆಲೆಸ್ಟ್ ತಗೊಳ್ಳಿ, ಕೀಬೋರ್ಡ್ ಮಾತ್ರ ಇದ್ರೆ ಆರು ವಿ, ಎರಡು ಮೂರು ಸಂಜೆಗೆ ಮುಗಿಯತ್ತೆ. ಡೌಟಿದ್ರೆ ನಾಲ್ಕು ದಿನದ ಗೇಮ್ ಜಾಮಲ್ಲಿ (ಗಡಿಬಿಡೀಲಿ ಆಟ ಮಾಡೋ ಕೂಟ) ಮಾಡಿದ ಸೆಲೆಸ್ಟಿನ ಮೊದಲ ಪುಟ್ಟ ರೂಪ ಬ್ರೌಸರಲ್ಲೇ ಫ್ರೀಯಾಗಿ ಸಿಗತ್ತೆ, ಅದರಲ್ಲಿ ಕೀಬೋರ್ಡ್ ತಡ್ಕೊಳತ್ತಾ ನೋಡ್ಕೊಳ್ಳಿ. ನಾನಂತೂ ಸೆಲೆಸ್ಟ್ ಶಿಖರ ಹತ್ತಿ ಬಿ ಸೈಡಿಗೆ (ಅದೇ ಚಾಪ್ಟರುಗಳ ಇನ್ನೂ ಕಷ್ಟದ ರೂಪ) ಕೈ ಹಾಕಿ ಎರಡನೇದ್ರಲ್ಲೇ ನಿಂತಿದೀನಿ, ಸಿ ಕೀ ಕಿತ್ತು ಬಂದಿದೆ.