ಯೀಸ್ಟ್ ಬೀಜಕಗಳ ಪ್ರಯೋಗದ ಕಿಟ್: ಕೋಶದ ವಯಸ್ಸನ್ನು ಮರೆತ ಕೈಪಿಡಿ

ಪದವಿ ತರಗತಿಯ ಪ್ರಯೋಗಾಲಯಕ್ಕೆಂದು ಕೊಂಡ ಈ ಕಿಟ್ಟನ್ನು ಎರಡು ಸೆಮಿಸ್ಟರ್ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಬ್ರೆಡ್ ಉಬ್ಬಿಸಲು ಬಳಸುವ ಯೀಸ್ಟ್ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೆಯ ಡಿಪ್ಲಾಯ್ಡ್ (ವರ್ಣತಂತುಗಳ ಎರಡು ಜೊತೆಗಳಿರುವ) ತಳಿ, ಬೆಳೆಸುವ ಮಾಧ್ಯಮ, ಶೇ 1ರ ಪೊಟ್ಯಾಸಿಯಂ ಅಸಿಟೇಟ್ ದ್ರಾವಣ, ಕ್ಯಾಲ್ಕೊಫ್ಲೋರ್ ವೈಟ್ ಬಣ್ಣದ ಸಣ್ಣ ಸೀಸೆ ಮತ್ತು ಕೈಪಿಡಿ ಇವೆ. ಸಾಮಗ್ರಿಯ ಬಗ್ಗೆ ದೂರಿಲ್ಲ. ಸಾರಜನಕವಾಗಲಿ ಗ್ಲುಕೋಸ್ ಆಗಲಿ ಇಲ್ಲದ ಅಸಿಟೇಟ್‌ಗೆ ಕೋಶಗಳನ್ನು ವರ್ಗಾಯಿಸಿ, ಗಾಳಿಯಾಡುವಂತೆ ಅಲುಗಿಸುತ್ತಿದ್ದರೆ, ಮೂರನೆಯ ದಿನ ಒಂದೇ ಚೀಲದೊಳಗೆ ನಾಲ್ಕು ಬೀಜಕಗಳು (ಆಹಾರವಿಲ್ಲದಾಗ ಯೀಸ್ಟ್ ಕಟ್ಟುವ ಗಟ್ಟಿ ಹೊದಿಕೆಯ ಸ್ಪೋರ್‌ಗಳು) ಒತ್ತೊತ್ತಾಗಿ ಕುಳಿತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಕೊರತೆಯಿರುವುದು ಕೈಪಿಡಿಯಲ್ಲಿ. ಬೀಜಕ ಕಟ್ಟದ ಕೋಶಗಳು ಹೆಚ್ಚಿದ್ದರೆ ಮಾಧ್ಯಮವನ್ನು ಪರಿಶೀಲಿಸಬೇಕೆಂದಷ್ಟೇ ಅದು ಹೇಳುತ್ತದೆ. ಕೋಶದ ವಯಸ್ಸೂ ಕಾರಣವಾಗಬಹುದೆಂಬ ಮಾತೇ ಅಲ್ಲಿಲ್ಲ. ಈ ಯೀಸ್ಟ್ ಮೊಗ್ಗು ಬಿಟ್ಟು ಬೆಳೆಯುವಂಥದ್ದು; ಪ್ರತಿ ಮೊಗ್ಗು ಕಳಚಿದಾಗಲೂ ತಾಯಿ ಕೋಶದ ಭಿತ್ತಿಯ ಮೇಲೆ ಕೈಟಿನ್ ಎಂಬ ಗಟ್ಟಿ ವಸ್ತುವಿನ ಉಂಗುರದಂಥ ಕಲೆ ಉಳಿಯುತ್ತದೆ, ಆ ಕಲೆಗಳ ಎಣಿಕೆಯೇ ಕೋಶದ ವಯಸ್ಸು. ಚುರುಕಾಗಿ ಬೆಳೆಯುತ್ತಿರುವ ಕಲ್ಚರಿನಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಒಂದು ಮೊಗ್ಗನ್ನೂ ಬಿಟ್ಟಿರುವುದಿಲ್ಲ. ಗಾತ್ರದಲ್ಲಿ ಚಿಕ್ಕದಾದ ಈ ಮರಿ ಕೋಶಗಳು ತಾಯಿ ಕೋಶಗಳಷ್ಟು ಸುಲಭವಾಗಿ ಬೀಜಕ ಕಟ್ಟುವುದಿಲ್ಲವೆಂಬುದು 1970ರ ದಶಕದಲ್ಲೇ ತಿಳಿದಿತ್ತು. ಇದನ್ನರಿಯದ ವಿದ್ಯಾರ್ಥಿ ತನ್ನ ಕೈಕೆಲಸವೇ ಕೆಟ್ಟಿತೆಂದು ನೊಂದುಕೊಳ್ಳುತ್ತಾನೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ಕೈಪಿಡಿ ಐಚ್ಛಿಕವೆಂದು ಬದಿಗಿಟ್ಟ ಆ ಬಣ್ಣದ ಸೀಸೆಯೇ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿತು. ಬೀಜಕಗಳನ್ನು ಹೊತ್ತ ಚೀಲವು ತಾಯಿ ಕೋಶದ ಹಳೆಯ ಭಿತ್ತಿಯೇ ಆದ್ದರಿಂದ, ಕೈಟಿನ್‌ಗೆ ಅಂಟಿ ಹೊಳೆಯುವ ಈ ಬಣ್ಣ ಹಾಕಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಅದರ ಮೇಲಿನ ಕಲೆಗಳನ್ನೂ ಎಣಿಸಬಹುದು. ನಮ್ಮ ಎಣಿಕೆಯಲ್ಲಿ ಬೀಜಕವಿಲ್ಲದ ಕೋಶಗಳಲ್ಲಿ ಹೆಚ್ಚಿನವು ಕಲೆಯಿಲ್ಲದವೇ ಆಗಿದ್ದವು. ಇದಕ್ಕೆ ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕ ಬೇಕೆಂಬುದನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕಿತ್ತು.

ಮುದಿ ಕೋಶಗಳ ವಿಷಯದಲ್ಲಿ ಕಿಟ್ ನೆರವಾಗದು. ತಾಯಿ ಕೋಶವೊಂದು ತನ್ನ ಆಯುಷ್ಯದಲ್ಲಿ ಸುಮಾರು 25 ಮೊಗ್ಗು ಬಿಡುತ್ತದಾದರೂ, ಸಾಮಾನ್ಯ ಕಲ್ಚರಿನಲ್ಲಿ ಹತ್ತು ಕಲೆಗಳ ಕೋಶ ಸಾವಿರಕ್ಕೊಂದೂ ಸಿಗದು. ಭಿತ್ತಿಗೆ ಬಯೋಟಿನ್ ಎಂಬ ಅಣುವನ್ನು ಗುರುತಾಗಿ ಅಂಟಿಸಿ, ಅದನ್ನು ಹಿಡಿಯುವ ಕಾಂತೀಯ ಮಣಿಗಳಿಂದ ಅವುಗಳನ್ನು ಬೇರ್ಪಡಿಸಬೇಕಾಗುತ್ತದೆ. ಇಂಥ ಕೋಶಗಳಲ್ಲಿ ಬೀಜಕೋತ್ಪತ್ತಿ ಕುಗ್ಗುತ್ತದೆ, ವರ್ಣತಂತುಗಳ ಹಂಚಿಕೆಯೂ ತಪ್ಪುತ್ತದೆ. ಆದರೂ ಮುದಿ ತಾಯಿ ಕಟ್ಟಿದ ಬೀಜಕದಿಂದ ಮೊಳೆತ ಕೋಶ, ಎಳೆಯ ತಾಯಿಯ ಬೀಜಕದಿಂದ ಬಂದದ್ದರಷ್ಟೇ ಪೂರ್ಣ ಆಯುಷ್ಯ ಪಡೆಯುತ್ತದೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಷ್ಟು ಬೆರಗಿನ ಸಂಗತಿಗೆ ಕೈಪಿಡಿಯಲ್ಲಿ ಒಂದು ಸಾಲಿನ ಜಾಗವೂ ಸಿಗದಿದ್ದುದು ನನಗೆ ನಿಜಕ್ಕೂ ಬೇಸರ ತಂದಿದೆ. ಫ್ಲೋರೊಸೆನ್ಸ್ ಸೌಲಭ್ಯವಿರುವ ಕಾಲೇಜುಗಳು ಈ ಕಿಟ್ಟನ್ನು ಧಾರಾಳವಾಗಿ ಕೊಳ್ಳಬಹುದು. ಕಲೆಗಳ ಎಣಿಕೆಗೆ ಬೇಕಾದ ಕೋಷ್ಟಕವನ್ನು ಮಾತ್ರ ಅಧ್ಯಾಪಕರೇ ಸಿದ್ಧಪಡಿಸಿಕೊಳ್ಳಬೇಕು.