ಅಂಗಾಲಿನ ಮಚ್ಚೆಗೆ ಕಂಪ್ಯೂಟರ್ ಪರೀಕ್ಷೆ: ತುಮಕೂರಿನಲ್ಲಿ ನಮ್ಮ ಅನುಭವ

ಗುಬ್ಬಿ ಕಡೆಯವರು ನಾವು. ಅಮ್ಮ ತೋಟದಲ್ಲಿ ಬರಿಗಾಲಲ್ಲೇ ಓಡಾಡೋರು. ಎಡ ಅಂಗಾಲಲ್ಲಿ ಹುಣಸೆಬೀಜದಷ್ಟು ಕಪ್ಪು ಮಚ್ಚೆ. ‘ಮುಳ್ಳು ಚುಚ್ಚಿದ್ದು ಕಣಪ್ಪಾ, ಸುಮ್ನಿರು’ ಅಂತ ಆರು ತಿಂಗಳು ತಳ್ಳಿದ್ರು. ಕೊನೆಗೆ ಬಿ.ಎಚ್. ರಸ್ತೆಯ ಒಂದು ಚರ್ಮದ ಕ್ಲಿನಿಕ್ಕಿಗೆ ಎಳ್ಕೊಂಡು ಹೋದೆ.

ಹನ್ನೊಂದಕ್ಕೆ ಬನ್ನಿ ಅಂದವರು ಒಳಗೆ ಕರೆದಿದ್ದು ಒಂದೂಕಾಲಿಗೆ. ಕೂರೋಕೆ ನಾಲ್ಕೇ ಕುರ್ಚಿ. ಇದಕ್ಕೆ ಒಂದು ಸ್ಟಾರ್ ಕಡಿಮೆ.

ಆದರೆ ಪರೀಕ್ಷೆ ಮಾತ್ರ ಬಲು ಚೆನ್ನ. ಮಚ್ಚೆಗೆ ಜೆಲ್ ಹಚ್ಚಿ, ಚರ್ಮವನ್ನು ದೊಡ್ಡದಾಗಿ ತೋರಿಸುವ, ದೀಪವಿರುವ ಪುಟ್ಟ ಡರ್ಮಟೋಸ್ಕೋಪ್ ಒತ್ತಿ ಹಿಡಿದರು. ಪರದೆ ಮೇಲೆ ಅಮ್ಮನ ಅಂಗಾಲು ಉತ್ತ ಹೊಲದ ಹಾಗೆ ಕಾಣಿಸ್ತು. ಬಣ್ಣ ಸಾಲಿನ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ಭಯವಿಲ್ಲ, ದಿಂಡಿನ ಮೇಲಿದ್ದರೆ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಿನ ಅನುಮಾನ ಅಂತ ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. ನಮ್ಮದು ತಗ್ಗಿನಲ್ಲಿತ್ತು. ಅಮ್ಮನಿಗೂ ಅರ್ಥವಾಯ್ತು, ಬೇಸಾಯದ ಭಾಷೆ ತಾನೆ!

ಸಾಫ್ಟ್‌ವೇರ್ ಕೂಡ ಆ ಚಿತ್ರ ನೋಡಿ ‘ಅಪಾಯ ಕಡಿಮೆ’ ಅಂತು. ಡಾಕ್ಟರಮ್ಮ ಅದನ್ನೇ ನಂಬಿ ಕೂರಲಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಚರ್ಮರೋಗಗಳ ಸುಮಾರು 1.29 ಲಕ್ಷ ಚಿತ್ರ ತೋರಿಸಿ ಚರ್ಮದ ಕ್ಯಾನ್ಸರ್ ಗುರುತಿಸೋದನ್ನ ಕಂಪ್ಯೂಟರಿಗೆ ಕಲಿಸಿದ್ದರಂತೆ. ಆದರೆ ಇಂಥ ಚಿತ್ರಸಂಗ್ರಹಗಳಲ್ಲಿ ಬಿಳಿ ಚರ್ಮದ್ದೇ ಹೆಚ್ಚು. ನಮ್ಮಂಥ ಬಣ್ಣದವರಲ್ಲಿ ಈ ಕ್ಯಾನ್ಸರ್ ಅಂಗಾಲು, ಅಂಗೈ, ಉಗುರಿನಡಿ ಬರೋದು ಜಾಸ್ತಿ. ಅನುಮಾನ ಬಂದರೆ ಚೂರು ಚರ್ಮ ತೆಗೆದು ಪರೀಕ್ಷಿಸೋ ಬಯಾಪ್ಸಿಯೇ ಗತಿ ಅಂದರು.

ಮೂರು ತಿಂಗಳಿಗೆ ಮತ್ತೆ ಫೋಟೋ ತೆಗೆದು ಹೋಲಿಸ್ತಾರೆ. ಅಮ್ಮನಿಗೆ ಚಪ್ಪಲಿ ಕೊಡಿಸಿದೀನಿ. ತೋಟದ ಗೇಟಿನ ಹತ್ತಿರ ಬಿಟ್ಟು ಒಳಗೆ ಹೋಗ್ತಾರೆ.