ಹಳೆ ಕಾರು ತಗೊಳ್ಳುವ ಮುಂಚೆ ಎಬಿಎಸ್ ದೀಪ ಹೊತ್ತುತ್ತಾ ನೋಡಿ

ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿರುವ ನಮ್ಮವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಪ್ಪೂ ಇದರಲ್ಲಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಜುಲೈ ತಿಂಗಳು. ಧಾರವಾಡದಿಂದ ವಾಪಸ್ ಬರುತ್ತಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದೆ ಅವ್ವ ಮತ್ತು ಮಗಳು. ಖಂಬಾಟ್ಕಿ ಘಾಟ್ ದಾಟುವಾಗಲೇ ಜಿಟಿಜಿಟಿ ಮಳೆ ಹಿಡಿದಿತ್ತು. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಜಾರು. ಈ ಜಾಗದ ಬಗ್ಗೆ ಪುಣೆಯವರಿಗೆ ಹೇಳಬೇಕಾಗಿಲ್ಲ. ಲಾರಿಗಳು ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದು, ಬ್ರೇಕ್ ಕಾದು, ಮುಂದಿನವರ ಮೇಲೆ ನುಗ್ಗುವುದು ಇಲ್ಲೇ. ಹಾಗಾಗಿ ನನ್ನ ಗಮನವೆಲ್ಲ ಹಿಂದಿನದನ್ನು ತೋರಿಸುವ ಕನ್ನಡಿಯ ಮೇಲೇ ಇತ್ತು. ಅಷ್ಟರಲ್ಲಿ ಮುಂದಿದ್ದ ಟೆಂಪೊ ಗಕ್ಕನೆ ನಿಂತಿತು.

ವೇಗ ಸುಮಾರು 60 ಇದ್ದೀತು. ಬ್ರೇಕ್ ಪೂರ್ತಿ ತುಳಿದೆ. ಎಬಿಎಸ್ ಇರುವ ಕಾರು, ಟಾಪ್ ಮಾಡೆಲ್ ಅಂತ ಹೇಳಿ ಮಾರಿದ್ದು. ಜೋರಾಗಿ ಬ್ರೇಕ್ ತುಳಿದರೂ ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಎಬಿಎಸ್. ಅದು ಕೆಲಸ ಮಾಡಿದ್ದರೆ ಕಾಲಡಿ ಪೆಡಲ್ ಕಟಕಟ ಅನ್ನಬೇಕಿತ್ತು. ಏನೂ ಅನ್ನಲಿಲ್ಲ. ಟೈರು ಕಿರುಚಲೂ ಇಲ್ಲ, ಸೊಯ್ಯನೆ ಜಾರಿದವು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆ. ಕಾರು ನೆಟ್ಟಗೆ ಟೆಂಪೊ ಕಡೆಗೇ ಹೋಯಿತು. ಗಾಲಿ ಉರುಳುತ್ತಿದ್ದರೆ ಮಾತ್ರ ಸ್ಟಿಯರಿಂಗ್ ಮಾತು ಕೇಳುತ್ತದೆ. ಗಾಲಿ ಕಚ್ಚಿಕೊಂಡು ನಿಂತರೆ ಅದನ್ನು ಎತ್ತ ತಿರುಗಿಸಿದರೂ ಒಂದೇ. ಇದು ಪುಸ್ತಕದಲ್ಲಿ ಓದಿದ್ದ ವಿಷಯ. ಅವತ್ತು ಅನುಭವಿಸಿದೆ.

ಗಾಬರಿಗೆ ಕಾಲು ಸಡಿಲವಾಯಿತು, ಬೇಕಂತ ಮಾಡಿದ್ದಲ್ಲ. ತಕ್ಷಣ ಕಾರು ಎಡಕ್ಕೆ ಹೊರಳಿತು. ಬಲಗಡೆಯ ಹೆಡ್‌ಲೈಟ್ ಟೆಂಪೊ ಮೂಲೆಗೆ ಬಡಿದು ಪುಡಿಯಾಯಿತು, ಬಂಪರ್ ಹರಿಯಿತು. ಅವ್ವನ ಹಣೆ ಮುಂದಿನ ಸೀಟಿಗೆ ತಾಗಿ ಊದಿಕೊಂಡಿತು. ಹಿಂದೆ ಕೂತವರಿಗೆ ಬೆಲ್ಟ್ ಹಾಕಿಸಿರಲಿಲ್ಲ. ಅದು ನನ್ನ ಮೊದಲ ತಪ್ಪು. ಟೈರು ಸವೆದಿದ್ದು ಎರಡನೆಯದು. ಈ ಮಳೆಗಾಲ ಒಂದು ಕಳೆದುಬಿಡಲಿ, ಆಮೇಲೆ ಹಾಕಿಸೋಣ ಅಂದುಕೊಂಡಿದ್ದೆ.

ಭೋಸರಿಯಲ್ಲಿ ನಮ್ಮ ಜಮಖಂಡಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಹತ್ತಿರ ಗಾಡಿ ಒಯ್ದೆ. ಎಬಿಎಸ್ ಕೆಲಸ ಮಾಡಲಿಲ್ಲ, ಆದರೆ ದೀಪವೂ ಹೊತ್ತಿರಲಿಲ್ಲ ಅಂದೆ. ಅವರು ಬಾನೆಟ್ ಎತ್ತಲೇ ಇಲ್ಲ. ಒಳಗೆ ಕೂತು ಕೀ ಆನ್ ಮಾಡಿ, ಇಂಜಿನ್ ಶುರು ಮಾಡದೆ ಮೀಟರ್ ನೋಡಿದರು. ಮತ್ತೆ ಆಫ್, ಮತ್ತೆ ಆನ್. ಆಮೇಲೆ ನನ್ನ ಕಡೆ ತಿರುಗಿ, "ಸರ, ಎಂದಾದ್ರೂ ಈ ದೀಪ ಹತ್ತಿದ್ದು ನೋಡೀರೇನ್ರೀ?" ಅಂದರು.

ನೋಡಿರಲಿಲ್ಲ. ಎಂಟು ತಿಂಗಳು ಓಡಿಸಿದ್ದೆ. ದೀಪ ಹೊತ್ತಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೇ ತಿಳಿದಿದ್ದೆ. ಎಡವಿದ್ದೇ ಅಲ್ಲಿ. ಕೀ ಆನ್ ಮಾಡಿದ ಕೂಡಲೇ ಎಬಿಎಸ್ ದೀಪ ಒಮ್ಮೆ ಹೊತ್ತಲೇಬೇಕು, ಕೆಲವು ಸೆಕೆಂಡ್ ಬಿಟ್ಟು ಆರಬೇಕು. ಆರದಿದ್ದರೆ ಎಬಿಎಸ್ ಕೆಟ್ಟಿದೆ. ಹೊತ್ತದೇ ಇದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಕೆಟ್ಟಿದ್ದನ್ನು ಹೇಳುವ ಬಾಯನ್ನೇ ಯಾರೋ ಮುಚ್ಚಿರಬಹುದು.

ಮೀಟರ್ ಬಿಚ್ಚಿದರು. ಎಬಿಎಸ್ ದೀಪದ ಮೇಲೆ ಕಡ್ಲೆಬೇಳೆಯಷ್ಟು ಕರಿ ಟೇಪು. ಅಚ್ಚುಕಟ್ಟಾಗಿ ಕತ್ತರಿಸಿ ಅಂಟಿಸಿದ್ದರು. "ಪಟ್ಟಿ ಹಚ್ಚ್ಯಾರ್ರೀ ಸರ" ಅಂತ ನಕ್ಕರು. ಅವರಿಗೆ ಇದು ಹೊಸದೇನಲ್ಲ. ದೀಪಕ್ಕೆ ನೇರ ತಂತಿ ಇರುವ ಹಳೆ ಗಾಡಿಗಳಲ್ಲಿ ಈ ದೀಪವನ್ನು ಇಂಜಿನ್ ಆಯಿಲ್ ಸೂಚಿಸುವ ದೀಪಕ್ಕೆ ಜೋಡಿಸಿಬಿಡುತ್ತಾರಂತೆ. ಆಗ ಎರಡೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಕೊಳ್ಳುವವನಿಗೆ ಅನುಮಾನವೇ ಬರುವುದಿಲ್ಲ.

ಟೇಪು ತೆಗೆದ ಮೇಲೆ ಅಸಲು ರೋಗ ಸಿಕ್ಕಿತು. ಸ್ಕ್ಯಾನರ್ ಮುಂದಿನ ಎಡಗಾಲಿಯ ಸೆನ್ಸರ್ ಕಡೆ ಬೆರಳು ತೋರಿಸಿತು. ಒಂದೊಂದು ಗಾಲಿ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಈ ಸೆನ್ಸರ್‌ಗಳು ಎಬಿಎಸ್ ಕಂಪ್ಯೂಟರ್‌ಗೆ ಹೇಳುತ್ತಲೇ ಇರಬೇಕು. ಬ್ರೇಕ್ ತುಳಿದಾಗ ಒಂದು ಗಾಲಿ ಉಳಿದವಕ್ಕಿಂತ ಬೇಗ ನಿಲ್ಲಲು ಹೊರಟರೆ, ಆ ಗಾಲಿಯ ಬ್ರೇಕ್ ಎಣ್ಣೆಯ ಒತ್ತಡವನ್ನು ಅದು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತದೆ. ಒಂದು ಗಾಲಿಯ ಸುದ್ದಿ ಬರಲಿಲ್ಲ ಅಂದರೂ ಎಬಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಂಡು ದೀಪ ಹೊತ್ತಿಸುತ್ತದೆ. ಮಾಮೂಲಿ ಬ್ರೇಕ್ ಇರುತ್ತದೆ. ಆದ್ದರಿಂದಲೇ ದಿನಾ ಆಫೀಸಿಗೆ ಹೋಗಿ ಬರುವವನಿಗೆ ಏನೂ ಗೊತ್ತಾಗುವುದಿಲ್ಲ.

ಸೆನ್ಸರ್ ಬದಲಿಸಿದರು. ಆದರೂ ಸುದ್ದಿ ಇಲ್ಲ. ಕೊನೆಗೆ ಗಾಲಿ ಬಿಚ್ಚಿ ನೋಡಿದರೆ, ಹಿಂದೆ ಯಾರೋ ಬೇರಿಂಗ್ ಬದಲಿಸಿ ಅದನ್ನು ಉಲ್ಟಾ ಕೂಡಿಸಿದ್ದಾರೆ! ಈಗಿನ ಬಹಳಷ್ಟು ಬೇರಿಂಗ್‌ಗಳ ಒಂದು ಪಕ್ಕದ ಸೀಲ್‌ನಲ್ಲೇ ಅಯಸ್ಕಾಂತದ ಬಳೆ ಇರುತ್ತದೆ. ಆ ಪಕ್ಕ ಸೆನ್ಸರ್ ಕಡೆ ಇರಬೇಕು. ನೋಡಲು ಎರಡೂ ಪಕ್ಕ ಒಂದೇ ಥರ. ಪೇಪರ್ ಕ್ಲಿಪ್ ಹಿಡಿದರೆ ಒಂದು ಪಕ್ಕ ಮಾತ್ರ ಮೆಲ್ಲಗೆ ಎಳೆಯುತ್ತದೆ. ಬೇರಿಂಗ್ ಹಾಕಿದವನಿಗೆ ಇದು ಗೊತ್ತಿರಲಿಲ್ಲ, ಅಥವಾ ಗೊತ್ತಾದ ಮೇಲೆ ಮತ್ತೆ ಬಿಚ್ಚಲು ಬೇಜಾರು. ಟೇಪು ಅಗ್ಗ ಅಲ್ವಾ?

ನನಗೆ ಹೊಸ ಬೇರಿಂಗ್, ಕೂಲಿ ಎಲ್ಲ ಸೇರಿ ಸುಮಾರು 3,000 ಆಯಿತು. ಇಷ್ಟೇ ದುಡ್ಡಿನ ಕೆಲಸವನ್ನು ಮಾರುವವರು ಮುಚ್ಚಿಟ್ಟಿದ್ದರು.

ವ್ಯಾಪಾರಿ ಹತ್ತಿರ ಹೋಗಿ ಜಗಳ ಮಾಡಿದೆ. "ಬ್ರೇಕ್ ಲಾಗತೋಯ್ ನಾ ಸಾಹೇಬ್?" ಅಂದ. ಬ್ರೇಕ್ ಹಿಡಿಯುತ್ತೆ ತಾನೇ ಅಂತ. ಆಮೇಲೆ ನಾನೇ ಸಹಿ ಮಾಡಿದ್ದ ಕಾಗದ ತೋರಿಸಿದ. ಗಾಡಿ ಹೇಗಿದೆಯೋ ಹಾಗೆ ಒಪ್ಪಿದ್ದೇನೆ ಅಂತ ಮರಾಠಿಯಲ್ಲಿ ಬರೆದಿತ್ತು. ಓದದೇ ಸಹಿ ಹಾಕಿದ್ದೆ. ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡವನು ನಾನು. ಪಿಯುಸಿ ಬರೀ ಹೊಗೆ ನೋಡುತ್ತದೆ. ಸ್ವಂತ ಬಳಕೆಯ ಕಾರಿಗೆ ಆರ್‌ಟಿಒದ ಫಿಟ್‌ನೆಸ್ ಪರೀಕ್ಷೆ ಬರುವುದು 15 ವರ್ಷ ಆದ ಮೇಲೆ. ಅಲ್ಲಿಯವರೆಗೆ ನಿಮ್ಮ ಬ್ರೇಕ್ ನೋಡುವವರು ನೀವೇ.

ಇನ್ನೊಂದು ಮೋಸ ಇದೆ. ಕಾರುಗಳಿಗೆ ಎಬಿಎಸ್ ಪೂರ್ತಿ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿನಲ್ಲಿ ಮೇಲಿನ ಮಾಡೆಲ್‌ಗೆ ಮಾತ್ರ ಇದ್ದಿರಬಹುದು. ಕಾರಿನ ಹಿಂಭಾಗದಲ್ಲಿ ಅಂಟಿಸಿದ ಅಕ್ಷರ ನಂಬಬೇಡಿ, ಅದು ಅಂಗಡಿಯಲ್ಲಿ ಸಿಗುತ್ತದೆ. ಬಾನೆಟ್ ಎತ್ತಿಸಿ. ಅಲ್ಯೂಮಿನಿಯಂ ದಿಮ್ಮಿಯಂಥ ಒಂದು ಘಟಕಕ್ಕೆ ಸಣ್ಣ ಬ್ರೇಕ್ ಪೈಪುಗಳು ಸೇರಿರಬೇಕು. ಸಾಮಾನ್ಯವಾಗಿ ಎರಡು ಒಳಗೆ, ನಾಲ್ಕು ಹೊರಗೆ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ತೋರಿಸಿ "ಎಲ್ಲ ಕ್ಲಿಯರ್" ಅಂದರೆ ಒಪ್ಪಬೇಡಿ. ಅಂಥವು ಹೆಚ್ಚಾಗಿ ಇಂಜಿನ್ ತಪ್ಪುಗಳನ್ನಷ್ಟೇ ಓದುತ್ತವೆ. ಎಬಿಎಸ್ ತಪ್ಪುಗಳ ಕೋಡ್ 'ಸಿ' ಅಕ್ಷರದಿಂದ ಶುರುವಾಗುತ್ತದೆ. ಅದನ್ನು ಓದುವ ಯಂತ್ರವೇ ಬೇಕು ಅಂತ ಕೇಳಿ.

ದೀಪ ಸರಿ ಇದ್ದೂ ಎಬಿಎಸ್ ಕಟಕಟ ಅನ್ನದಿದ್ದರೆ ಅದು ಕೆಟ್ಟಿದೆ ಅಂತಲೇ ಅಲ್ಲ. ಒಣ ರಸ್ತೆಯಲ್ಲಿ ಒಳ್ಳೆ ಟೈರು ಇದ್ದರೆ ಬಹಳ ಸಲ ಗಾಲಿ ಕಚ್ಚುವ ಹಂತಕ್ಕೇ ಹೋಗುವುದಿಲ್ಲ, ಅದಕ್ಕೆ ಕೆಲಸವೂ ಇರುವುದಿಲ್ಲ. ಆದರೆ ಪ್ಯಾಡ್ ಸವೆದು, ಎಣ್ಣೆಯಲ್ಲಿ ಗಾಳಿ ಸೇರಿ, ಬ್ರೇಕೇ ದುರ್ಬಲವಾಗಿದ್ದಾಗಲೂ ಹೀಗೇ ಆಗುತ್ತದೆ. ಅದನ್ನು ಬಿಡಬೇಡಿ. ಮಳೆಗಾಲದಲ್ಲಿ ಸೊಸೈಟಿ ಪಾರ್ಕಿಂಗ್‌ನ ಇಲಿಗಳು ಸೆನ್ಸರ್ ವೈರ್ ಕಡಿಯುವುದೂ ಉಂಟು.

ರಿಪೇರಿ ಆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಎಂಐಡಿಸಿ (ಕೈಗಾರಿಕಾ ಪ್ರದೇಶ) ಒಳಗಿನ ಖಾಲಿ ರಸ್ತೆಗೆ ಹೋದೆವು. ಮಳೆ ಆಗಷ್ಟೇ ನಿಂತಿತ್ತು. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿ, 40ರಲ್ಲಿ ಬ್ರೇಕ್ ತುಳಿದೆ. ಪೆಡಲ್ ಕಾಲನ್ನು ಒದ್ದ ಹಾಗೆ ನಡುಗಿತು, ಕರಕರ ಸದ್ದು. "ಅಯ್ಯೋ, ಏನೋ ಮುರೀತು!" ಅಂದಳು ಹೆಂಡತಿ. ನನ್ನ ಕಾಲೂ ತಾನಾಗಿ ಮೇಲೆ ಬಂತು. ಮೂರನೆಯ ಸಲ ಮಾತ್ರ ಕಾಲು ತೆಗೆಯದೆ ಒತ್ತಿ ಹಿಡಿದೆ. ಗಾಡಿ ನಡುಗುತ್ತಲೇ ಎಡಕ್ಕೆ ತಿರುಗಿ ನಿಂತಿತು.

ಆಮೇಲೆ ಹೆಂಡತಿಗೂ ಸ್ಟಿಯರಿಂಗ್ ಕೊಟ್ಟು ನಾಲ್ಕು ಸಲ ಮಾಡಿಸಿದೆ.